ಹಸಿರು ಮುದ್ರೆಯ ಡಬ್ಬಿ

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಭೂತಗನ್ನಡಿ ಅಕ್ಕ ಎಂದೇ. ಟೈಲರ್ ಅಂಗಡಿಯ ಮೇಲೆ ಒಂದೇ ಕೋಣೆಯ ಬ್ಯೂಟಿ ಪಾರ್ಲರ್ ಅವಳದು. ಯಾವ ಕ್ರೀಮು ಬಂದರೂ ಹಿಂಬದಿಯ ಇರುವೆಯಂಥ ಅಕ್ಷರಗಳನ್ನು ಭೂತಗನ್ನಡಿಯಲ್ಲಿ ಓದಿಯೇ ಒಳಗೆ ಬಿಡುವಳು. ಗ್ಲಿಸರಿನ್ ಎಲ್ಲಿಂದ ಬಂತು, ಕೊಲಾಜನ್ ಯಾವ ಪ್ರಾಣಿಯದು, ಹಂದಿ ಕೊಬ್ಬು ಯಾವ ವೇಷ ಹಾಕಿಕೊಂಡು ಕೂತಿದೆ ಎಂದು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಹುಡುಕುವಳು. "ಅಕ್ಕ ಹಲಾಲ್ ಅಂದ್ರೆ ಮುಗೀತು" ಎಂದು ಹೆಂಗಸರು ನಿಶ್ಚಿಂತೆಯಿಂದ ಮುಖ ಒಡ್ಡುತ್ತಿದ್ದರು. ಈ ಹೊಗಳಿಕೆ ಅವಳ ತಲೆಗೂ ಸ್ವಲ್ಪ ಏರಿತ್ತೆನ್ನಿ.

ಅಂಥವಳೂ ಒಂದು ಸಲ ಎಡವಿದಳು. ಪರಿಚಯದ ಏಜೆಂಟನೊಬ್ಬ ಬಿಳುಪಿನ ಕ್ರೀಮಿನ ಆರು ಡಬ್ಬಿ ತಂದಿಟ್ಟ. ಮುಚ್ಚಳದ ಮೇಲೆ ದೊಡ್ಡ ಹಸಿರು ಹಲಾಲ್ ಮುದ್ರೆ, ಹಿಂಬದಿಗೆ ಹೊಸ ಸ್ಟಿಕರ್. ಅಂದು ಕೈತುಂಬ ಕೆಲಸ. ಮುದ್ರೆ ನೋಡಿದ್ದೇ ಭೂತಗನ್ನಡಿ ಡ್ರಾಯರಿನಲ್ಲೇ ಉಳಿಯಿತು. ಹಳೆಯದು ಮುಗಿದ ಮೇಲೆ ಒಡೆದರಾಯಿತೆಂದು ನಾಲ್ಕು ಡಬ್ಬಿ ಹಾಗೆಯೇ ಕಪಾಟಿಗೆ ಸೇರಿದವು. ಒಂದನ್ನು ಪಕ್ಕದ ಮೆಡಿಕಲ್ ಶಾಪಿನವನಿಗೆ, ಮಾರಾಟಕ್ಕಾದೀತೇ ನೋಡೆಂದು ಕೊಟ್ಟಳು. ಇನ್ನೊಂದನ್ನು ತನ್ನ ಅಕ್ಕನ ಮಗಳಿಗೆ ಕಳಿಸಿದಳು. ಹುಡುಗಿ ನಾಲ್ಕು ತಿಂಗಳ ಬಸುರಿ, ಕೆನ್ನೆಯ ಮೇಲೆ ಬಂಗಿನ ಕಪ್ಪು ಕಲೆ ಎದ್ದಿತ್ತು.

ಮೂರು ವಾರದ ಮೇಲೆ ಮೆಡಿಕಲ್ ಶಾಪಿನವನು ಡಬ್ಬಿ ಹಿಡಿದು ಮೆಟ್ಟಿಲು ಹತ್ತಿ ಬಂದ.

"ಅಕ್ಕ, ಈ ಸ್ಟಿಕರ್ ಕೆಳಗೆ ಇನ್ನೊಂದು ಇದೆ, ನೋಡಿದ್ರಾ?"

ಅವಳು ಹೇರ್ ಡ್ರೈಯರ್ ಹಚ್ಚಿ ಬಿಸಿ ಗಾಳಿ ಬಿಟ್ಟಳು. ಅಂಟು ಕರಗಿ ಮೇಲಿನ ಸ್ಟಿಕರ್ ಸುರುಳಿಯಾಗಿ ಎದ್ದು ಬಂತು. ಕೆಳಗಿನ ಪಟ್ಟಿಯಲ್ಲಿ ಹಂದಿಯೂ ಇರಲಿಲ್ಲ, ಮದ್ಯಸಾರವೂ ಇರಲಿಲ್ಲ. ಅವಳಿಗೆ ಗೊತ್ತಿಲ್ಲದ ಒಂದು ಹೆಸರಿನ ಮೇಲೆ ಅವನು ಬೆರಳಿಟ್ಟ.

"ಇದು ಪಾದರಸ ಅಕ್ಕ. ಮುಖ ಬೆಳ್ಳಗಾಗುತ್ತೆ, ಒಳಗೆ ಕಿಡ್ನಿ ಹಾಳಾಗುತ್ತೆ. ಬಸುರಿಯರು ಹಚ್ಚಿದ್ರೆ ಮಗುವಿಗೂ ಅಪಾಯ."

"ಮುದ್ರೆ ಇದೆಯಲ್ಲಪ್ಪಾ!"

"ಯಾರು ಹಾಕಿದ್ರೋ ಏನೋ. ಮೈಗೆ ವಿಷ ಆಗೋದು ಹಲಾಲ್ ಹೇಗಾಗುತ್ತೆ, ನೀವೇ ಹೇಳಿ."

ಅಯ್ಯೋ, ನನ್ನ ಕೈಯಾರೆ ಕೊಟ್ಟೆನಲ್ಲ! ಕುರ್ಚಿಯಲ್ಲಿ ಹುಬ್ಬು ತೀಡಿಸಿಕೊಳ್ಳುತ್ತಿದ್ದವಳನ್ನು ಒಂದೇ ಹುಬ್ಬಿನಲ್ಲಿ ಬಿಟ್ಟು, ಏಪ್ರನ್ ಸಮೇತ ಬಸ್ಸು ಹತ್ತಿದಳು. ಅಕ್ಕನ ಮಗಳ ಮನೆಯಿದ್ದ ಮೂರನೇ ಮಹಡಿಗೆ ಒಂದೇ ಉಸಿರಿಗೆ ಹತ್ತಿದಳು.

"ಆ ಕ್ರೀಮು ಎಷ್ಟು ಸಲ ಹಚ್ಚಿದೆಯೇ?" ಬಾಗಿಲಲ್ಲೇ ಕೇಳಿದಳು.

ಹುಡುಗಿ ತಪ್ಪು ಸಿಕ್ಕಿಬಿದ್ದವಳಂತೆ ತಲೆ ತಗ್ಗಿಸಿದಳು. "ಬೈಬೇಡ ಚಿಕ್ಕಮ್ಮ. ಒಂದು ಸಲಾನೂ ಹಚ್ಚಿಲ್ಲ."

ಬೀರುವಿನಿಂದ ಡಬ್ಬಿ ತಂದು ಕೈಗಿಟ್ಟಳು. ಮೇಲಿನ ಪ್ಲಾಸ್ಟಿಕ್ ಹಾಳೆಯೂ ಹರಿದಿರಲಿಲ್ಲ.

"ಚಿಕ್ಕವಳಿದ್ದಾಗ ಪಾರ್ಲರಲ್ಲಿ ಕೂರಿಸ್ಕೊಂಡು ನೀನೇ ಹೇಳಿದ್ದೆ, ಸ್ಟಿಕರ್ ಮೇಲೆ ಸ್ಟಿಕರ್ ಇದ್ರೆ ಮುಟ್ಟಬೇಡ ಅಂತ. ಇದರ ಅಂಚಲ್ಲಿ ಇನ್ನೊಂದು ಇಣುಕ್ತಾ ಇತ್ತು. ನೀನು ಆಸೆಪಟ್ಟು ಕೊಟ್ಟಿದ್ದು, ಹೇಗೆ ಹೇಳಲಿ ಅಂತ ಸುಮ್ನಿದ್ದೆ."

ಹೋದ ಜೀವ ಬಂದಂತಾಯಿತು. ಚಿಕ್ಕಮ್ಮ ಅಲ್ಲೇ ಚಪ್ಪಲಿಗಳ ಪಕ್ಕ ನೆಲದ ಮೇಲೆ ಕುಸಿದು ಕೂತು ಅತ್ತಳು, ನಕ್ಕಳು, "ಕತ್ತೆ, ಹೇಳೋಕೇನಾಗಿತ್ತು ನಿಂಗೆ" ಎಂದು ಬೈದೂ ಬೈದಳು. ಹುಡುಗಿ ನೀರು ತಂದು ಕುಡಿಸಿದಳು. ತಾನೇ ಕಲಿಸಿದ ಪಾಠ ತನಗೇ ಮರೆತಿತ್ತಲ್ಲ ಎಂದು ನಾಚಿಕೆಯೂ ಆಯಿತು. ಡಬ್ಬಿಯನ್ನು ಕವರಿನಲ್ಲಿ ಬಿಗಿಯಾಗಿ ಕಟ್ಟಿ ಚೀಲಕ್ಕೆ ಹಾಕಿಕೊಂಡಳು. ಆರನ್ನೂ ಒಟ್ಟಿಗೆ ಆರೋಗ್ಯ ಇಲಾಖೆಗೆ ಕೊಟ್ಟು, ಏಜೆಂಟನ ಗ್ರಹಚಾರ ಬಿಡಿಸುವುದು ಬಾಕಿಯಿತ್ತು.

"ಹಾಗಾದ್ರೆ ಈ ಕಲೆಗೆ ಏನು ಹಚ್ಚಲಿ ಚಿಕ್ಕಮ್ಮ?"

ಅವಳು ಆ ಕೆನ್ನೆಯನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು, ಭೂತಗನ್ನಡಿ ಇಲ್ಲದೆ.

"ಏನೂ ಹಚ್ಚಬೇಡ. ಹೆರಿಗೆ ಆದ್ಮೇಲೆ ತಾನೇ ತಿಳಿಯಾದೀತು. ಆಗದಿದ್ರೂ ಇರಲಿ ಬಿಡೇ, ಚೆನ್ನಾಗೇ ಇದ್ದೀಯ."

ಇಪ್ಪತ್ತು ವರ್ಷದ ಕಸುಬಿನಲ್ಲಿ ಏನೂ ಹಚ್ಚಬೇಡ ಎಂಬ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು.