ಊರವರ ಸಿಂಕು, ನನ್ನ ಅಮ್ಮ

ಆಗೆಲ್ಲ ಪಾರ್ಸಿಪನಿಯ ನಮ್ಮ ಕಾಂಪ್ಲೆಕ್ಸಿನಲ್ಲಿ ಯಾವ ಕನ್ನಡದವರ ಮನೆಯ ನಲ್ಲಿ ಸೋರಿದರೂ ಮೊದಲು ಗಂಡ ಹೆಂಡಿರ ಜಗಳವಾಗುತ್ತಿತ್ತು. ಗಂಡ, ‘ಪ್ಲಂಬರ್‌ನ ಕರೆಸೋಣ’ ಅನ್ನುವುದು. ಹೆಂಡತಿ, ‘ಸುಮ್ನಿರಿ, ವಸುಧಾನ ಕೇಳೋಣ’ ಅನ್ನುವುದು. ಗೆಲ್ಲುತ್ತಿದ್ದವಳು ಹೆಂಡತಿಯೇ. ವಸುಧಾ ಅಂದರೆ ನನ್ನ ಅಮ್ಮ.

ಅಮ್ಮ ಮೈಸೂರಿನಲ್ಲಿ ಸಿವಿಲ್ ಎಂಜಿನಿಯರ್ ಆಗಿದ್ದವಳು, ಊರಿಗೆ ನೀರು ಹಂಚುವ ಪೈಪುಗಳ ಕೆಲಸ. ಅಪ್ಪನ ಜೊತೆ ಇಲ್ಲಿಗೆ ಬಂದ ಮೇಲೆ ಅವಳ ವೀಸಾದಲ್ಲಿ ಕೆಲಸ ಮಾಡುವ ಹಾಗಿರಲಿಲ್ಲ. ಮೊದಲ ವಿಂಟರ್ ಇಡೀ ಹೀಟರ್ ಪಕ್ಕ ಕೂತು ಹೊರಗೆ ನೋಡುತ್ತಿದ್ದಳು. ಒಂದು ದಿನ ನಮ್ಮ ಸಿಂಕು ಕಟ್ಟಿಕೊಂಡಿತು. ಅಪ್ಪ ಯಾರಿಗೆ ಫೋನ್ ಮಾಡುವುದೆಂದು ಹುಡುಕುತ್ತಿದ್ದಾಗಲೇ ಅಮ್ಮ ದುಪಟ್ಟಾ ಸೊಂಟಕ್ಕೆ ಬಿಗಿದು ಸಿಂಕಿನ ಕೆಳಗೆ ಮಲಗಿಬಿಟ್ಟಳು. ಎದ್ದು ಬಂದಾಗ ಕೆನ್ನೆಗೆಲ್ಲ ಮಸಿ, ಮುಖದ ತುಂಬ ನಗು.

ಸುದ್ದಿ ಹರಡಿತು. ಅಮ್ಮ ದುಡ್ಡು ಮುಟ್ಟುವ ಹಾಗಿರಲಿಲ್ಲ, ಬರಿಗೈಲಿ ಕಳಿಸಲು ಆ ಹೆಂಗಸರಿಗೆ ಮನಸ್ಸು ಬರುತ್ತಿರಲಿಲ್ಲ. ‘ಕುಂಕುಮ ತಗೊಂಡು ಹೋಗಿ’ ಎಂದು ಎಲೆ ಅಡಿಕೆ, ರವಿಕೆ ಕಣ ಕೊಡುತ್ತಿದ್ದರು. ಒಂದು ಕೈಯಲ್ಲಿ ಸ್ಪ್ಯಾನರ್, ಇನ್ನೊಂದರಲ್ಲಿ ತಾಂಬೂಲ ಹಿಡಿದು ಅಮ್ಮ ಮನೆಗೆ ಬರುವುದನ್ನು ನೋಡಿ ಅಪ್ಪ ನಗುತ್ತಿದ್ದರು.

ನನಗೆ ನಗು ಬರುತ್ತಿರಲಿಲ್ಲ. ಶನಿವಾರ ಬೆಳಿಗ್ಗೆ ನಾನೂ ಅಮ್ಮನೂ ರಟ್ಟಿನ ಮೇಲೆ ಮನೆ ಬರೆದು ಚೌಕಾಬಾರ ಆಡುವ ಹೊತ್ತು. ಈಗ ಆ ಹೊತ್ತೆಲ್ಲ ಎದುರು ಬಿಲ್ಡಿಂಗಿನ ರೇಖಾ ಆಂಟಿಯ ಪಾಲು. ರೇಖಾ ಆಂಟಿಗೆ ವಾರವೆಲ್ಲ ಆಫೀಸು, ಅವರ ಮನೆಯಲ್ಲಿ ವಾರಕ್ಕೊಂದು ನಲ್ಲಿಯೋ ಪೈಪೋ ಕೆಡುತ್ತಿತ್ತು. ಅವರ ಮಗಳು ನಿಧಿ ನನ್ನ ಕ್ಲಾಸು. ಸ್ಕೂಲ್ ಬಸ್ಸಿನಲ್ಲಿ ಪಕ್ಕಕ್ಕೆ ಕೂತು ಹೇಳಿದಳು: “ಯುವರ್ ಮಾಮ್ ಈಸ್ ಸೋ ಕೂಲ್! ಆಂಟಿ ಲೆಟ್ ಮಿ ಹೋಲ್ಡ್ ದ ಪೈಪ್!”

ನಾನು ಪೈಪ್ ಮುಟ್ಟಹೋದರೆ ಅಮ್ಮ ‘ಕೈ ಗಲೀಜಾಗತ್ತೆ, ಹೋಗಿ ಓದ್ಕೋ’ ಅನ್ನುತ್ತಿದ್ದಳು. ಹೊಟ್ಟೆ ಉರಿಯಿತು ಅಂದರೆ ಕಡಿಮೆ. ಅಮ್ಮನ ಸ್ವೆಟರಿಗೆ ಅವರ ಮನೆಯ ರೂಮ್ ಫ್ರೆಶ್ನರ್ ವಾಸನೆ ಅಂಟಿ ಬರುತ್ತಿತ್ತು, ಅದನ್ನು ಮೂಸಿ ಮೂಸಿ ಇನ್ನಷ್ಟು ಉರಿದುಕೊಂಡೆ. ನಿಧಿಯ ಅಮ್ಮ ನಿಧಿಗೇ, ನನ್ನ ಅಮ್ಮನೂ ನಿಧಿಗೇ!

ಮುಂದಿನ ಶನಿವಾರ ಬೆಳಿಗ್ಗೆಯೂ ಅಮ್ಮ ಅವರ ಮನೆಗೆ ಹೊರಡುವುದಿತ್ತು. ನಮ್ಮ ಸಿಂಕೇ ಸೋರಿದರೆ ಹೇಗೆ ಹೋಗುತ್ತಾಳೆ? ಅಮ್ಮ ಸ್ನಾನಕ್ಕೆ ಹೋದಾಗ ನಾನು ಕೆಳಗೆ ತೂರಿಕೊಂಡೆ. ಹಸಿ ಮರದ ಘಾಟು, ಸೋಪಿನ ವಾಸನೆ. ಅಮ್ಮ ಪೈಪಿಗೆ ಕೂರಿಸಿದ್ದ ಪ್ಲಾಸ್ಟಿಕ್ ನಟ್ಟನ್ನು ಹಲ್ಲು ಕಚ್ಚಿಕೊಂಡು ಒಂದೂವರೆ ಸುತ್ತು ತಿರುಗಿಸಿದೆ.

ನಾಲ್ಕು ಹನಿ ಬಿದ್ದೀತು ಅಂದುಕೊಂಡಿದ್ದೆ. ಸಿಂಕಿನ ತುಂಬ ನೀರಲ್ಲಿ ದೋಸೆ ಹಿಟ್ಟಿನ ಪಾತ್ರೆಗಳು ನೆನೆಯುತ್ತಿದ್ದವು. ಅಮ್ಮ ಬಂದವಳೇ ಬಿರಡೆ ಕಿತ್ತು ಜಾಕೆಟ್ ಹಾಕಿಕೊಳ್ಳಲು ಹೋದಳು. ಅಷ್ಟೂ ನೀರು ಕಪಾಟಿನಿಂದ ನೆಲಕ್ಕೆ, ನೆಲದಿಂದ ಕೆಳಗಿನ ಮನೆಗೆ ಇಳಿಯಿತು. ಕೆಳಗಿದ್ದ ಮುದುಕರು ಬಂದು ಬಾಗಿಲು ಬಡಿದರು. ಅವರ ಸೀಲಿಂಗು ಉಬ್ಬಿ ಒಂದು ತುಂಡು ಸೋಫಾದ ಮೇಲೆ ಬಿದ್ದಿತ್ತು.

“ಸಾಕು ವಸು. ಇನ್ಮೇಲೆ ಇದೆಲ್ಲ ಬೇಡ. ಪ್ಲಂಬರ್‌ನ ಕರೀತೀನಿ,” ಅಂದರು ಅಪ್ಪ.

“ನಾನು ಬಿಗಿ ಮಾಡಿದ್ದೆ ರೀ. ನಂಗೆ ಚೆನ್ನಾಗಿ ನೆನಪಿದೆ.”

ಪ್ಲಂಬರ್ ಬಂದು ಬಗ್ಗಿ ನೋಡಿದ. ಇದನ್ನು ಹಾಕಿದವರು ಸರಿಯಾಗಿ ಬಿಗಿ ಮಾಡಿಲ್ಲ, ಅಷ್ಟೇ ಅಂದ. ಅಪ್ಪ ಅಮ್ಮನ ಕಡೆ ತಿರುಗಿದರು. ಅಮ್ಮ ತನ್ನ ಕೈ ನೋಡಿಕೊಂಡಳು. ನಾನು ಬಾಯಿ ಬಿಟ್ಟಿದ್ದರೆ ಸಾಕಿತ್ತು, ಬಿಡಲಿಲ್ಲ. ನಿಜ ಹೇಳಬೇಕೆಂದರೆ, ಇವತ್ತು ನಿಧಿ ಮನೆಗೆ ಹೋಗೋದಿಲ್ಲವಲ್ಲ ಎಂದು ಒಳಗೊಳಗೇ ಖುಷಿಯೂ ಆಗಿತ್ತು.

ಅಮ್ಮ ರೇಖಾ ಆಂಟಿಗೆ ಫೋನ್ ಮಾಡಿ, “ಯಾರಾದ್ರೂ ಪ್ರೊಫೆಶನಲ್‌ನ ಕರೆಸಿಬಿಡಿ. ನನ್ನ ಕೆಲಸದ ಮೇಲೆ ನಂಗೇ ನಂಬಿಕೆ ಇಲ್ಲ,” ಅಂದಳು. ಆಮೇಲೆ ಶನಿವಾರಗಳೆಲ್ಲ ನನ್ನವಾದವು. ಆದರೆ ಆಟದ ಮಧ್ಯೆ ಅಮ್ಮ ಎದ್ದು ಹೋಗಿ ಸಿಂಕಿನ ಕೆಳಗೆ ಕೈ ಹಾಕಿ, ಆ ನಟ್ಟನ್ನು ಮುಟ್ಟಿ ನೋಡಿ ಬರುತ್ತಿದ್ದಳು. ಯಾರ ಜೊತೆಗೂ ಹಂಚಿಕೊಳ್ಳಬಾರದೆಂದು ಹಟ ಹಿಡಿದಿದ್ದೆನಲ್ಲ, ಆ ಅಮ್ಮ ನನಗೂ ಸಿಗಲಿಲ್ಲ.

ಕೆಲಸದ ಪರ್ಮಿಟ್ ಬಂದಾಗಲೂ ಅಮ್ಮ ಎಂಜಿನಿಯರಿಂಗ್ ಕಡೆ ತಲೆ ಹಾಕಲಿಲ್ಲ. ಒಂದು ಡೆಂಟಿಸ್ಟ್ ಕ್ಲಿನಿಕ್ಕಿನಲ್ಲಿ ಅಪಾಯಿಂಟ್‌ಮೆಂಟ್ ಬರೆಯುತ್ತಾಳೆ. ಕಳೆದ ತಿಂಗಳು, ಈಗ ನಾನಿರುವ ಹೋಬೋಕನ್ನಿನ ಮನೆಯಲ್ಲಿ ಶವರ್ ತೊಟ್ಟಿಕ್ಕತೊಡಗಿತು, ಅಮ್ಮನಿಗೆ ಫೋನ್ ಮಾಡಿದೆ.

“ನಂಗೇನು ಗೊತ್ತಾಗತ್ತೆ ಪುಟ್ಟಿ, ಪ್ಲಂಬರ್‌ನ ಕರೆಸು.”

ಆಗ ತಡೆಯಲಾಗಲಿಲ್ಲ. ಎಲ್ಲ ಹೇಳಿಬಿಟ್ಟೆ.

“ಎಷ್ಟು ಸುತ್ತು ಬಿಚ್ಚಿದ್ದೆ?”

“ಒಂದೂವರೆ.”

“ಹದಿನಾರು ವರ್ಷ ಕಣೇ,” ಅಂದಳು ಅಮ್ಮ. ಆಮೇಲೆ ಫೋನಿಟ್ಟಳು.