ಬಾಳೆಕಂದು ಕಟ್ಟಿದ ಕಾರು

ನನ್ನ ಕೆಂಪು ಸ್ಪೋರ್ಟ್ಸ್ ಕಾರು ಇಬ್ಬರಷ್ಟೇ ಕೂರೋ ಗಾಡಿ. ಎಷ್ಟು ಕುಳ್ಳು ಅಂದ್ರೆ, ಹೆಬ್ಬಾಳದ ಫ್ಲೈಓವರ್ ಮೇಲೆ ಪಕ್ಕಕ್ಕೆ ತಿರುಗಿದ್ರೆ ನನಗೆ ಕಾಣೋದು ಬಸ್ಸಿನ ಚಕ್ರ ಮಾತ್ರ. ಬಸ್ಸಿನ ಡ್ರೈವರಿಗೆ ನಾನು ಅಷ್ಟೂ ಕಾಣಲ್ಲ. ಹಗಲಲ್ಲೂ ಹೆಡ್‌ಲೈಟ್ ಹಾಕ್ಕೊಂಡು, ದೊಡ್ಡ ಗಾಡಿಗಳಿಂದ ದೂರಾನೇ ಇರ್ತಿದ್ದೆ. ಆದ್ರೂ ಅಮೃತಹಳ್ಳಿ ಹತ್ರ ಒಂದು ನೀರಿನ ಟ್ಯಾಂಕರ್ ನನ್ನ ಸೈಡ್ ಮಿರರ್ ಕಿತ್ಕೊಂಡು ಹೋಯ್ತು. ಡ್ರೈವರ್ ಇಳಿದು ಬಂದು, "ಹಾರ್ನ್ ಕೇಳಿಸ್ತು ಸಾರ್, ಗಾಡಿನೇ ಕಾಣ್ಲಿಲ್ಲ" ಅಂದ.

ಆಯುಧಪೂಜೆಗೆ ಅಮ್ಮ ಕಾರಿನ ಮೂತಿಗೆ ಎರಡೂ ಕಡೆ ಆಳೆತ್ತರದ ಬಾಳೆಕಂದು ಕಟ್ಟಿಸಿದ್ರು. ಮಾರನೇ ದಿನ ಬಸ್ಸುಗಳು ದಾರಿ ಬಿಟ್ಟವು, ಟ್ಯಾಂಕರ್‌ಗಳು ಬ್ರೇಕ್ ಹಾಕಿದವು. ನಾನು ಕಂದು ಬಿಚ್ಚಲೇ ಇಲ್ಲ.

ದೀಪಾವಳಿ ಹೊತ್ತಿಗೆ ಯಲಹಂಕದ ಸಿಗ್ನಲ್‌ನಲ್ಲಿ ಟ್ರಾಫಿಕ್ ಪೊಲೀಸರೊಬ್ಬರು ಕೈ ಅಡ್ಡ ಹಾಕಿದ್ರು.

"ಏನ್ರೀ ಇದು? ಹಬ್ಬ ಮುಗಿದು ಎಷ್ಟು ದಿನ ಆಯ್ತು?"

"ಇದಿದ್ರೇನೇ ಸಾರ್, ನಾನು ಜನಕ್ಕೆ ಕಾಣೋದು."

ಅವರು ಹಿಂದೆ ನಿಂತಿದ್ದ ಲಾರಿಯ ಮೆಟ್ಟಿಲು ಹತ್ತಿ, ಡ್ರೈವರ್ ಪಕ್ಕದಿಂದ ನನ್ನ ಕಡೆ ಬಗ್ಗಿ ನೋಡಿದ್ರು. ಇಳಿದು ಬಂದವರ ದನಿ ಮೆತ್ತಗಾಗಿತ್ತು.

"ಇದು ಒಣಗೋಗಿದೆ ಕಣ್ರೀ, ಸರಿಯಾಗಿ ಕಾಣ್ತಿಲ್ಲ. ಹಸಿರಾಗಿರೋದು ಕಟ್ಕೊಳ್ಳಿ."

ಈಗ ಅಟ್ಟೂರಿನ ನಮ್ಮ ಮನೆ ತಾರಸಿ ಮೇಲೆ ಡ್ರಮ್ಮುಗಳಲ್ಲಿ ಬಾಳೆ ಬೆಳೀತಿದೀನಿ. ಬೇರೆಯವರು ಕಾರಿಗೆ ಪೆಟ್ರೋಲ್ ಹಾಕಿಸಿದ್ರೆ ಸಾಕು. ನಾನು ಗೊಬ್ಬರಾನೂ ಹಾಕ್ಬೇಕು.