ಸಡಿಲ ಬಿಟ್ಟ ಸೈಕಲ್ಲು

ಟೈಲರಮ್ಮನ ಕೈಗೆ ಬಟ್ಟೆ ಕೊಟ್ಟವರು ಯಾರೂ ದಪ್ಪಗಾಗುತ್ತಿರಲಿಲ್ಲ. ಗುಂಡಿ ಹಾಕಿಸಲೆಂದು ತಂದ ಹಳೆಯ ಬಟ್ಟೆ ಸೊಂಟದಲ್ಲಿ ಬಿಗಿ ಅನ್ನಿಸಿದರೆ, ಅವಳು ಯಾರನ್ನೂ ಕೇಳದೆ ಒಳಹೊಲಿಗೆ ಬಿಚ್ಚಿ ಒಂದು ಬೆರಳು ಸಡಿಲ ಮಾಡಿ ಕಳಿಸುವಳು. ತೊಟ್ಟವರು ಕನ್ನಡಿ ಮುಂದೆ ನಿಂತು ಹಿಗ್ಗುವರು. ಯಾರಿಗೂ ನಷ್ಟವಿಲ್ಲದ ಸುಳ್ಳು ಎಂದು ಅವಳು ತಿಳಿದಿದ್ದಳು. ಅದೇ ಸುಳ್ಳನ್ನು ಮನೆಯೊಳಗೂ ಹೇಳಿದ್ದು ಅವಳಿಗೆ ಮುಳುವಾಯಿತು.

ಅವಳ ಗಂಡ ಬಸ್ ಡ್ರೈವರ್. ಒಂದು ಬೆಳಿಗ್ಗೆ ಹಲ್ಲುಜ್ಜುತ್ತಾ ನಿಂತವನು ಹಾಗೇ ಕುಸಿದ. ಲಕ್ವ ಹೊಡೆದಿತ್ತು. ಜೀವ ಉಳಿಯಿತು, ಮಾತೂ ಮರಳಿತು, ಎಡಗಾಲಿನ ಬಲ ಮಾತ್ರ ಹೋಯಿತು. ಕ್ಲಚ್ಚು ತುಳಿಯುವ ಕಾಲು ಅದು. ವರ್ಷದ ಕೊನೆಗೆ ಡಿಪೋಗೆ ಬಂದು ಬಸ್ ಓಡಿಸಿ ತೋರಿಸಲಿ, ಅಲ್ಲಿಯವರೆಗೆ ಕೆಲಸ ಕಾದಿಡುತ್ತೇವೆ ಎಂದರು ಮೇಲಿನವರು. ಬಸ್ಸು ಬಿಟ್ಟು ಬದುಕುವುದು ಹೇಗೆಂದು ಆ ಮನುಷ್ಯನಿಗೆ ಗೊತ್ತೇ ಇರಲಿಲ್ಲ.

ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವ ಹುಡುಗಿ, ಮನೆಗೊಂದು ವ್ಯಾಯಾಮದ ಸೈಕಲ್ ತಗೊಳ್ಳಿ ಅಂದಳು. "ಹ್ಯಾಂಡಲ್ ಕೆಳಗೆ ಒಂದು ತಿರುಪು ಇರುತ್ತೆ ಅಮ್ಮ. ವಾರವಾರ ಸ್ವಲ್ಪ ಬಿಗಿ ಮಾಡ್ತಾ ಹೋಗಿ, ಪೆಡಲ್ ಭಾರ ಆದಷ್ಟೂ ಕಾಲಿಗೆ ಬಲ. ಅವರು ಬೈದ್ರೂ ಬಿಡಬೇಡಿ."

ಸಿಕ್ಕಿದ್ದು ಹಳೆಯ ಸೈಕಲ್ಲು. ಮಾರಿದವರ ಮನೆಯಲ್ಲಿ ಅದರ ಮೇಲೆ ಒದ್ದೆ ಟವೆಲ್ಲು ಹತ್ತುತ್ತಿತ್ತೇ ಹೊರತು ಮನುಷ್ಯರು ಹತ್ತಿದ್ದಿಲ್ಲ. ಹೊಲಿಗೆ ಮಿಷಿನ್ನಿನ ಪಕ್ಕದಲ್ಲೇ ಅದಕ್ಕೆ ಜಾಗವಾಯಿತು. ಮೊದಲ ಸಲ ತಿರುಪು ಬಿಗಿ ಮಾಡಿದ ದಿನ ಪೆಡಲ್ಲು ಅರ್ಧಕ್ಕೇ ನಿಂತಿತು. ಊರೆಲ್ಲ ಕೇಳುವ ಹಾಗೆ ಹಾರ್ನ್ ಹೊಡೆದುಕೊಂಡು ತಿರುಗಿದ್ದ ಗಂಡಸು ಹ್ಯಾಂಡಲ್ಲಿಗೆ ಹಣೆ ಹಚ್ಚಿ ಅತ್ತುಬಿಟ್ಟ. ಮರುದಿನ ಧೂಳು ಒರೆಸುವಾಗ ಅವಳು ತಿರುಪನ್ನು ಪೂರ್ತಿ ಸಡಿಲ ಬಿಟ್ಟಳು.

ಆಮೇಲೆ ಸೈಕಲ್ಲು ಗಿರಗಿರನೆ ತಿರುಗಿತು. ವಾರಕ್ಕೊಮ್ಮೆ ಅವಳು ಅವನೆದುರೇ ಬಗ್ಗಿ, ತಿರುಪಿನ ಮೇಲೆ ಕೈಯಿಟ್ಟು, ತಿರುಗಿಸಿದ ಹಾಗೆ ನಟಿಸಿ ಏಳುವಳು.

"ಇವತ್ತೂ ಬಿಗಿ ಮಾಡಿದ್ಯಾ?"

"ಹೂಂ ರೀ."

"ನೋಡು, ಆದ್ರೂ ಹೆಂಗೆ ತಿರುಗ್ತಿದೆ."

ಊಟ ಸೇರತೊಡಗಿತು, ನಗು ಬಂತು. ಇಷ್ಟು ಚೆನ್ನಾಗಿರುವಾಗ ಆಸ್ಪತ್ರೆ ಯಾಕೆ ಎಂದು ಅತ್ತ ಹೋಗುವುದನ್ನೂ ಬಿಟ್ಟರು. ಬೇಡ ಅಂದವನು ಅವನೇ. ಅವಳು ಹೂಂ ಅಂದಳು.

ಪರೀಕ್ಷೆಯ ದಿನ ಅವನು ಇಸ್ತ್ರಿ ಮಾಡಿದ ಖಾಕಿ ತೊಟ್ಟು ಡಿಪೋ ಅಂಗಳದಲ್ಲಿ ಬಸ್ ಹತ್ತಿದ. ಅವಳು ಗೇಟಿನ ಬಳಿ ನಿಂತಳು. ಕ್ಲಚ್ಚು ಕೆಳಗಿಳಿಯಲಿಲ್ಲ. ಗೇರು ಕರಕರ ಎಂದು ಹಲ್ಲು ಕಡಿಯಿತು. ಎರಡೂ ಕೈಯಿಂದ ತೊಡೆಯನ್ನು ಅದುಮಿ ಒತ್ತಿದ. ಪಾದ ಜಾರಿತು, ಬಸ್ಸು ಜಿಗಿದು ಗೋಡೆಗೆ ಗುದ್ದಿತು. ಮೆಕ್ಯಾನಿಕ್ಕೊಬ್ಬ ಕೂದಲೆಳೆಯಲ್ಲಿ ಪಾರಾದ. "ಇಳೀರಿ ಅಣ್ಣ, ಸಾಕು" ಅಂದ ಅಧಿಕಾರಿ. ಆ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿ ಎನ್ನಿಸಿತು ಅವಳಿಗೆ.

ಮಾರನೆಯ ದಿನ ಆಸ್ಪತ್ರೆಗೆ ಹೋದರು. ಆ ಹುಡುಗಿ ತೊಡೆ ಒತ್ತಿ ನೋಡಿ, ಸೈಕಲ್ ತುಳಿದ್ರಾ ಎಂದು ಕೇಳಿದಳು.

"ದಿನಾ. ಈಗ ತಿರುಪು ಪೂರ್ತಿ ಬಿಗಿ ಇದೆ."

"ಬಿಗೀಲಿ ತುಳಿದ ಕಾಲು ಹೀಗಿರಲ್ಲ. ಕಾಲಿಗೆ ಕಷ್ಟ ಕೊಡಬೇಕಿದ್ದಿದ್ದು ಮೊದಲ ತಿಂಗಳುಗಳಲ್ಲೇ. ಇನ್ನು ಅಷ್ಟು ಬಲ ಬರೋದು ಕಷ್ಟ."

ಅವನು ಹೆಂಡತಿಯ ಕಡೆ ತಿರುಗಿದ. ಅವಳ ಮುಖವೇ ಎಲ್ಲ ಹೇಳಿತು.

"ನೀವು ಅಳೋದನ್ನ ನೋಡೋಕಾಗ್ಲಿಲ್ಲ" ಅಂದಳು. "ನಾನೇ ಸಡಿಲ ಬಿಟ್ಟಿದ್ದೆ."

ಅವನು ಎಡತೊಡೆಯ ಮೇಲೆ ಕೈಯಿಟ್ಟ. "ಅಳ್ತಿದ್ದೆ" ಅಂದ. "ಅತ್ಕೊಂಡು ತುಳೀತಿದ್ದೆ. ಇವತ್ತು ಬಸ್ಸು ಓಡಿಸ್ತಿದ್ದೆ."

ಏಳಲು ಹೊರಟ. ಅವಳು ಕೈ ಚಾಚಿದಳು. ಅವನು ಆ ಕೈಯನ್ನು ಬಿಟ್ಟು, ಗೋಡೆ ಹಿಡಿದು ಎದ್ದ.